ಥೀಸಿಸ್ ಐದನೇ ವರ್ಷಕ್ಕೆ ಬಂತು, ಒಂದು ಅಧ್ಯಾಯವೂ ಗೈಡ್ ಕೈಗೆ ಹೋಗಿಲ್ಲ. ನೀವೆಲ್ಲ ಹೇಗೆ ಬರೆದಿರಿ?

ಡೊಂಬಿವಲಿ ಈಸ್ಟ್ · 9 ಜೂನ್, ರಾತ್ರಿ 11.40

ಎಲ್ಲರಿಗೂ ನಮಸ್ಕಾರ. ಮುಂಬಯಿ, ಪುಣೆ, ಗೋವಾ ಕಡೆಯ ಕನ್ನಡದವರು ಇಲ್ಲಿ ಬಹಳ ಮಂದಿ ಇದ್ದೀರಿ. ಪಿಎಚ್.ಡಿ. ಮುಗಿಸಿದವರೂ ಇದ್ದೀರಿ, ನನ್ನ ಹಾಗೆ ಒದ್ದಾಡುತ್ತಿರುವವರೂ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ಠಾಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. 2020ರ ಕೊನೆಯಲ್ಲಿ ಪಾರ್ಟ್‌ಟೈಮ್ ಪಿಎಚ್.ಡಿ.ಗೆ ನೋಂದಣಿ ಆಯಿತು. ವಿಷಯ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಓದಿ ಮೆಟ್ರಿಕ್ ಪಾಸಾದ ಹುಡುಗರ ಕಥೆ. ವಿಷಯದ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿಲ್ಲ, ಅದೇ ನನಗೆ ಹೆಚ್ಚು ನೋವು. ಒಂದು ಶಾಲೆಯವರು ಹಳೇ ಕಪಾಟು ತೆಗೆದು 1958ರಿಂದ 1967ರವರೆಗಿನ ಹಾಜರಿ ಪುಸ್ತಕಗಳನ್ನೇ ಕೊಟ್ಟರು. ಮೂರು ಶನಿವಾರ ಅಲ್ಲೇ ಕೂತು ಒಂದೊಂದೇ ಪುಟದ ಫೋಟೋ ತೆಗೆದೆ. ಇಷ್ಟು ಸಾಮಗ್ರಿ ಯಾರಿಗೆ ಸಿಗುತ್ತದೆ ಹೇಳಿ?

ಆದರೆ ಬರೆದದ್ದು? ತುಂಡು ತುಂಡಾಗಿ ಇನ್ನೂರು ಪುಟದ ಟಿಪ್ಪಣಿ. ಅಧ್ಯಾಯ ಅಂತ ಒಂದೂ ಇಲ್ಲ.

ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಮೂರು ಡಬ್ಬಿ, ಅತ್ತೆಯವರ ಮಾತ್ರೆ, ಒಂಬತ್ತನೇ ಕ್ಲಾಸಿನ ಮಗ. ಕಾಲೇಜು ಮುಗಿಸಿ ಮನೆ ಮುಟ್ಟುವಾಗ ಏಳು. ಪಾತ್ರೆ ತೊಳೆದು ಹತ್ತಕ್ಕೆ ಲ್ಯಾಪ್‌ಟಾಪ್ ತೆರೆದರೆ ಹತ್ತೂಕಾಲಿಗೆ ತೂಕಡಿಕೆ. ಭಾನುವಾರ ಇಡೀ ದಿನ ಥೀಸಿಸ್‌ಗೇ ಅಂತ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಲೇಖನ ಸಿಕ್ಕಿತು ಅಂತ ಓದುತ್ತೇನೆ, ಅದರ ಕೊನೆಯಲ್ಲಿರುವ ಮತ್ತೊಂದು ಪುಸ್ತಕ ಹುಡುಕುತ್ತೇನೆ, ಸಂಜೆ ದೀಪ ಹಚ್ಚುವಾಗ ನೋಡಿದರೆ ಒಂದು ವಾಕ್ಯವೂ ಬರೆದಿರುವುದಿಲ್ಲ. ಮಗನ ಜೊತೆ ಕೂತೂ ಇಲ್ಲ, ಬರೆದೂ ಇಲ್ಲ.

ಮೂರನೇ ಅಧ್ಯಾಯ ನಾಲ್ಕು ತಿಂಗಳಿನಿಂದ ನಿಂತಿದೆ. ಹಾಜರಿ ಪುಸ್ತಕದಲ್ಲಿ ಕೆಲವು ಹುಡುಗರ ಚೌಕದಲ್ಲಿ ಮೊದಲು ಒಂದು ಚುಕ್ಕೆ ಇಟ್ಟಿದ್ದಾರೆ, ಆಮೇಲೆ ಅದರ ಮೇಲೇ ಬೇರೆ ಶಾಯಿಯಲ್ಲಿ ಒಂದು ಗೀಟು ಎಳೆದಿದ್ದಾರೆ. ಉಳಿದವರಿಗೆ ಬರೇ ಗೀಟು. ಚುಕ್ಕೆ ಅಂದರೆ ಗೈರುಹಾಜರಿಯೋ, ಫೀ ಬಾಕಿಯೋ, ಮತ್ತೇನೋ ತಿಳಿಯುತ್ತಿಲ್ಲ. ಅದು ಗೊತ್ತಾಗದೆ ಹಾಜರಿಯ ಲೆಕ್ಕ ಹಾಕುವಂತಿಲ್ಲ, ಲೆಕ್ಕ ಇಲ್ಲದೆ ಅಧ್ಯಾಯ ಇಲ್ಲ.

ಇನ್ನೊಂದು ಮಾತು. ಗೈಡ್ ಫೋನ್ ಮಾಡಿದರೆ ನಾನು ಎತ್ತುವುದಿಲ್ಲ. ಅವರು ಒಳ್ಳೆಯವರು, ಒಂದು ದಿನ ಗದರಿದವರಲ್ಲ. ಆದರೂ ಅವರ ಹೆಸರು ಪರದೆಯ ಮೇಲೆ ಬಂದರೆ ಕೈ ತಣ್ಣಗಾಗುತ್ತದೆ. ಮಾರ್ಚ್‌ನಲ್ಲಿ ಕಲೀನಾದ ಯೂನಿವರ್ಸಿಟಿಗೆ ಫೀ ಕಟ್ಟಲು ಹೋದಾಗ ಅವರು ಎದುರಿನಿಂದ ಬರುವುದು ಕಂಡು ನಾನು ಲೈಬ್ರರಿ ಕಡೆ ತಿರುಗಿಬಿಟ್ಟೆ. ಮನೆಗೆ ಬಂದು ಅತ್ತುಬಿಟ್ಟೆ.

ನೌಕರಿ, ಮನೆ ಎರಡನ್ನೂ ಇಟ್ಟುಕೊಂಡು ನೀವು ಹೇಗೆ ಬರೆದಿರಿ? ದಿನದ ಯಾವ ಹೊತ್ತಿಗೆ, ಎಷ್ಟು? ಮೈ ಮನಸ್ಸು ಕೆಡದ ಹಾಗೆ ಹೇಗೆ ನೋಡಿಕೊಂಡಿರಿ?

---

ವಾಶಿ ಹಾರ್ಬರ್ ಲೈನ್ · 10 ಜೂನ್

ಅಕ್ಕಾ, ನನ್ನದು ನಾಲ್ಕನೇ ವರ್ಷ, ವಾಣಿಜ್ಯಶಾಸ್ತ್ರ. ಭಾನುವಾರದ ಬಗ್ಗೆ ನೀವು ಬರೆದದ್ದು ನನ್ನ ಮನೆಯನ್ನೇ ನೋಡಿ ಬರೆದ ಹಾಗಿದೆ. ಉತ್ತರ ನನ್ನ ಹತ್ತಿರ ಇಲ್ಲ. ಹಿರಿಯರು ಏನು ಹೇಳುತ್ತಾರೋ ನಾನೂ ಕಾಯುತ್ತಿದ್ದೇನೆ.

---

ಮಾಟುಂಗಾ ಮೇಷ್ಟ್ರು · 10 ಜೂನ್

ಅಮ್ಮಾ, ನಿಮ್ಮದನ್ನು ಎರಡು ಸಲ ಓದಿದೆ. ನಾನು ನಿವೃತ್ತನಾಗಿ ಹನ್ನೊಂದು ವರ್ಷ. ಒಂಬತ್ತು ಜನ ನನ್ನ ಹತ್ತಿರ ಪಿಎಚ್.ಡಿ. ಮುಗಿಸಿದರು, ಇಬ್ಬರು ಅರ್ಧಕ್ಕೆ ಬಿಟ್ಟರು. ನಿಮಗೆ ಆ ಇಬ್ಬರ ವಿಚಾರ ಹೇಳಬೇಕು.

ಅವರು ದಡ್ಡರಲ್ಲ, ಸೋಮಾರಿಗಳಲ್ಲ. ಒಬ್ಬನಂತೂ ನನ್ನ ವಿದ್ಯಾರ್ಥಿಗಳಲ್ಲೇ ಹೆಚ್ಚು ಓದಿಕೊಂಡವನು. ಪ್ರತಿ ಸಲ ಕೇಳಿದಾಗಲೂ "ಪೂರ್ತಿ ಆಗಲಿ ಸಾರ್, ಒಟ್ಟಿಗೇ ತೋರಿಸುತ್ತೇನೆ" ಎನ್ನುತ್ತಿದ್ದ. ಆಮೇಲೆ ಸೆಮಿನಾರಿಗೆ ಬರುವುದು ನಿಲ್ಲಿಸಿದ. ಆಮೇಲೆ ಫೋನು. ಎರಡು ವರ್ಷದ ಮೇಲೆ ದಾದರ್ ಸೇತುವೆಯ ಮೇಲೆ ಎದುರಾದಾಗ ನನ್ನನ್ನು ನೋಡದ ಹಾಗೆ ಹೋದ. ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಅವನ ಮನೆಗೆ ಹೋಗಿ "ಇರುವಷ್ಟು ಕೊಡು" ಅಂತ ನಾನೇ ಕೇಳಬೇಕಿತ್ತು. ಕೇಳಲಿಲ್ಲ.

ನಿಮಗೆ ಸಮಯ ಸಾಲುತ್ತಿಲ್ಲ ಎಂಬುದು ನಿಜ. ಆದರೆ ನಿಮ್ಮ ಥೀಸಿಸ್ ನಿಂತಿರುವುದು ಅದಕ್ಕಲ್ಲ, ನೀವು ಅದನ್ನು ಒಬ್ಬರೇ ಮುಚ್ಚಿಟ್ಟುಕೊಂಡಿರುವುದಕ್ಕೆ. ಗೈಡ್ ಆದವನಿಗೆ ಮುತ್ತಿನಂಥ ಅಧ್ಯಾಯ ಬೇಡ. ಅರ್ಧ ಬೆಂದದ್ದು ಬೇಕು, ಏಕೆಂದರೆ ಅರ್ಧ ಬೆಂದಾಗಲೇ ಉಪ್ಪು ಹಾಕಲು ಆಗುವುದು. ನೀವು ಇನ್ನೂರು ಪುಟ ಪೂರ್ತಿ ಮಾಡಿ ತಂದಮೇಲೆ "ಮೂರನೇ ಅಧ್ಯಾಯದ ದಾರಿಯೇ ತಪ್ಪಿದೆ" ಎಂದು ಹೇಳುವುದು ನಮಗೂ ಕಷ್ಟ.

ಆದ್ದರಿಂದ ಹೀಗೆ ಮಾಡಿ. ಪೀಠಿಕೆ ಈಗ ಬರೆಯಬೇಡಿ. ಮನೆ ಕಟ್ಟಿದ ಮೇಲೆ ಬಾಗಿಲಿಗೆ ತೋರಣ. ಸಾಮಗ್ರಿ ಹೆಚ್ಚಿರುವ ಕಡೆಯಿಂದ, ಅಂದರೆ ಆ ಹಾಜರಿ ಪುಸ್ತಕದಿಂದಲೇ ಶುರು ಮಾಡಿ. ಚುಕ್ಕೆಯ ಅರ್ಥ ತಿಳಿಯದಿದ್ದರೆ "ಈ ಚುಕ್ಕೆಯ ಅರ್ಥ ತಿಳಿದಿಲ್ಲ" ಎಂದೇ ಬರೆದು ಮುಂದೆ ಹೋಗಿ. ಹತ್ತು ಪುಟ ಆಗಲಿ, ಹನ್ನೆರಡಾಗಲಿ. ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆಯಿರಿ. ಮೇಲೆ ಒಂದು ಚೀಟಿ: ಇದರಲ್ಲಿ ಏನಿದೆ, ಏನಿಲ್ಲ, ನನಗೆ ನಿಮ್ಮಿಂದ ಯಾವ ಮಾತು ಬೇಕು. ಮೂರೇ ಸಾಲು. ಚೀಟಿಯಲ್ಲಿ ಕ್ಷಮೆ ಕೇಳಬೇಡಿ.

ಅವಧಿಯ ಭಯವೂ ಇರಬಹುದು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2016ರ ನಿಯಮದಲ್ಲೂ 2022ರ ನಿಯಮದಲ್ಲೂ ಪಿಎಚ್.ಡಿ.ಗೆ ಗರಿಷ್ಠ ಆರು ವರ್ಷ, ಹೆಂಗಸರಿಗೆ ಅದರ ಮೇಲೆ ಎರಡು ವರ್ಷದ ರಿಯಾಯಿತಿ ಇದೆ. ಹೆರಿಗೆ, ಮಕ್ಕಳ ಆರೈಕೆಗೆ ಒಟ್ಟು 240 ದಿನದ ರಜೆಯೂ ಇದೆ. ನೀವು 2020ರವರು, ಹಾಗಾಗಿ 2016ರದ್ದು ಅನ್ವಯಿಸುತ್ತದೆ. ರಿಯಾಯಿತಿಗೆ ಅರ್ಜಿ ಯಾವಾಗ ಹಾಕಬೇಕು ಎಂದು ವಿಭಾಗದಲ್ಲಿ ಈಗಲೇ ಕೇಳಿಟ್ಟುಕೊಳ್ಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಕೊನೇ ತಿಂಗಳಲ್ಲಿ ಓಡಾಡಿದವರನ್ನು ನೋಡಿದ್ದೇನೆ.

ಓದುತ್ತಲೇ ಇರುವ ಚಟ ನನಗೂ ಇತ್ತು. ಟೌನ್‌ಹಾಲಿನ ಮೆಟ್ಟಿಲು ಹತ್ತಿ ಏಷಿಯಾಟಿಕ್ ಲೈಬ್ರರಿಯಲ್ಲಿ ಎರಡು ವರ್ಷ ಓದಿದ್ದೇ ಓದಿದ್ದು. ತಂಪು ಕಟ್ಟಡ, ಎತ್ತರದ ಫ್ಯಾನು, ಹಳೇ ಕಾಗದದ ವಾಸನೆ. ಓದುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಬರೆಯುವ ಹೆದರಿಕೆ ಮುಚ್ಚಿಹೋಗುತ್ತಿತ್ತು. ಅದು ನನಗೆ ತಿಳಿದದ್ದು ಬಹಳ ತಡವಾಗಿ.

---

ಪಾಷಾಣ ರೋಡ್ · 11 ಜೂನ್

ಮೇಡಂ, ನಾನು ಪುಣೆಯಲ್ಲಿ ರಸಾಯನಶಾಸ್ತ್ರದಲ್ಲಿ ಮುಗಿಸಿದೆ. ಲ್ಯಾಬ್‌ನವರ ಕಷ್ಟ ಬೇರೆ ಥರ. ಮೂರೂವರೆ ವರ್ಷ ಪ್ರಯೋಗ ಮಾಡುತ್ತಲೇ ಇರುತ್ತೇವೆ, ಬರೆಯುವುದನ್ನು "ಕೊನೆಯಲ್ಲಿ ನೋಡೋಣ" ಅಂತ ತಳ್ಳುತ್ತೇವೆ. ಆ ಕೊನೆ ಬಂದಾಗ ನಾನು ದಿನಕ್ಕೆ ಹದಿನಾಲ್ಕು ಗಂಟೆ ಕೂತೆ. ಮೂರು ವಾರ. ನಾಲ್ಕನೇ ವಾರ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹಿಂದಿನ ದಿನ ಬರೆದದ್ದನ್ನು ನೋಡಿದರೆ ಒಂದೇ ಪ್ಯಾರಾ ಎರಡು ಕಡೆ ಬರೆದಿದ್ದೆ. ಅಲ್ಲಿಗೆ ನಿಲ್ಲಿಸಿದೆ.

ಆಮೇಲೆ ಸೀನಿಯರ್ ಒಬ್ಬಳು ಟೈಮರ್ ಇಟ್ಟು ಬರೆಯುವುದು ಹೇಳಿಕೊಟ್ಟಳು. ಇಪ್ಪತ್ತೈದು ನಿಮಿಷ ಬರೆಯುವುದು, ಐದು ನಿಮಿಷ ಎದ್ದು ಓಡಾಡುವುದು, ಹೀಗೆ ನಾಲ್ಕು ಸುತ್ತಾದ ಮೇಲೆ ಉದ್ದದ ವಿರಾಮ. ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನುವ ಇಟಲಿಯವರು 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಡುಗೆಮನೆಯ ಟೊಮೇಟೊ ಆಕಾರದ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದಂತೆ, ಅದಕ್ಕೇ ಪೊಮೊಡೊರೊ ಅನ್ನುವ ಹೆಸರು. ಫೋನಿನ ಟೈಮರ್ ಇಡಬೇಡಿ. ಫೋನ್ ಕೈಗೆ ಬಂದರೆ ವಾಟ್ಸ್ಆ್ಯಪ್ ಬರುತ್ತದೆ. ನಾನು ತುಳಶಿಬಾಗ್‌ನಲ್ಲಿ ಕಿವಿ ತಿರುಗಿಸುವ ಗಡಿಯಾರ ತಂದೆ. ಅದು ಟಿಕ್ ಟಿಕ್ ಅನ್ನುವಾಗ ಬೇರೆ ಏನೂ ಇಲ್ಲ. ದಿನಕ್ಕೆ ಆರು ಸುತ್ತು ಆದರೆ ಸಾಕು, ಏಳನೆಯದು ಬರೆಯುವುದಿಲ್ಲ ಅಂತ ನಿಯಮ ಮಾಡಿಕೊಂಡೆ.

ಇನ್ನೊಂದು ಅಭ್ಯಾಸ ನನ್ನನ್ನು ಉಳಿಸಿತು. ಪ್ರತಿದಿನ ಏಳುವ ಮೊದಲು ನಾಳೆಯ ಮೊದಲ ವಾಕ್ಯವನ್ನು ಅರ್ಧ ಬರೆದು ಬಿಡುವುದು. "ಈ ಕೋಷ್ಟಕದಲ್ಲಿ ಕಾಣುವಂತೆ ಉಷ್ಣಾಂಶ ಏರಿದಾಗ" – ಅಷ್ಟೇ. ಮರುದಿನ ಖಾಲಿ ಪುಟದ ಮುಂದೆ ಕೂರುವ ಪ್ರಶ್ನೆ ಇರುವುದಿಲ್ಲ, ಕೈ ತಾನೇ ವಾಕ್ಯ ಮುಗಿಸುತ್ತದೆ.

ಸಂಜೆ ಆರಕ್ಕೆ ವೇತಾಳ ಟೇಕಡಿ ಅನ್ನುವ ಗುಡ್ಡ ಹತ್ತುತ್ತಿದ್ದೆ, ಫೋನ್ ರೂಮಿನಲ್ಲಿ ಬಿಟ್ಟು. ಅಲ್ಲಿ ನವಿಲು ಕೂಗುತ್ತವೆ. ಮೊದಲ ಹತ್ತು ದಿನ ಟೇಕಡಿಯ ಮೇಲೂ ಥೀಸಿಸ್ಸೇ ತಲೆಯಲ್ಲಿ ತಿರುಗುತ್ತಿತ್ತು, ಆಮೇಲೆ ಬಿಟ್ಟಿತು.

---

ಡೊಂಬಿವಲಿ ಈಸ್ಟ್ · 11 ಜೂನ್

ಮೇಷ್ಟ್ರೇ, ನಿಮ್ಮ ಆ ವಿದ್ಯಾರ್ಥಿಯ ಜಾಗದಲ್ಲಿ ನನ್ನನ್ನೇ ಕಂಡೆ. ಕ್ಷಮೆ ಕೇಳದೆ ಚೀಟಿ ಬರೆಯುವುದು ನನಗೆ ಎಲ್ಲಕ್ಕಿಂತ ಕಷ್ಟ, ಆದರೂ ಪ್ರಯತ್ನ ಮಾಡುತ್ತೇನೆ.

ಪಾಷಾಣದ ತಮ್ಮಾ, ಆರು ಸುತ್ತು ನನ್ನ ಮನೆಯಲ್ಲಿ ನಡೆಯುವುದಿಲ್ಲಪ್ಪ. ಒಂದು ಸುತ್ತು ಸಿಕ್ಕರೆ ಅದೇ ಪುಣ್ಯ.

---

ಪಾಷಾಣ ರೋಡ್ · 11 ಜೂನ್

ಒಂದೇ ಸಾಕು ಮೇಡಂ. ಆದರೆ ರಾತ್ರಿ ಹತ್ತಕ್ಕೆ ಬೇಡ, ದಣಿದ ಮೈಯಲ್ಲಿ ಅದು ಶಿಕ್ಷೆ. ಲೋಕಲ್‌ನಲ್ಲಿ ಕೂರಲು ಸೀಟು ಸಿಗುತ್ತದಾ?

---

ಹುಬ್ಬಳ್ಳಿ ಟು ಪುಣೆ · 12 ಜೂನ್

ಅಕ್ಕಾರ, ನಮಸ್ಕಾರ್ರಿ. ನಾ ಇತಿಹಾಸದಾಂವ, ಪುಣೆದಾಗ ಏಳು ವರ್ಷ ಆತು. ಎಲ್ಲಾರೂ ಹೊತ್ತಿನ ಬಗ್ಗೆ ಹೇಳ್ಯಾರ, ನಾ ಕಡತದ ಬಗ್ಗೆ ಹೇಳ್ತೇನ್ರಿ, ಯಾಕಂದ್ರ ನನ್ನ ನೆಮ್ಮದಿ ಕೆಡಿಸಿದ್ದ ಅದು.

ನೀವು ಕನ್ನಡದಾಗ ಬರಿಯಾಕತ್ತೀರಿ. ಯುನಿಕೋಡ್‌ನಾಗ ಬರಿಯಾಕತ್ತೀರೋ, ಹಳೇ ನುಡಿ ಫಾಂಟಿನಾಗೋ? ಇವತ್ತ ನೋಡ್ಕೋರಿ. ನಾ ಎರಡು ಅಧ್ಯಾಯ ಹಳೇ ಫಾಂಟಿನಾಗ ಬರದಿದ್ದೆ, ಎರಡು ಯುನಿಕೋಡ್‌ನಾಗ. ಕೊನೀಗೆ ಒಂದ ಮಾಡಾಕ ಕನ್ವರ್ಟರಿಗೆ ಹಾಕಿದೆ. ಅರ್ಕಾವೊತ್ತು ಎಲ್ಲಾ ತಮ್ಮ ಜಾಗಾ ಬಿಟ್ಟು ಹೊಂಟುಹೋದ್ವು. ನಡುವ ಇದ್ದ ಇಂಗ್ಲಿಷ್ ಪುಸ್ತಕದ ಹೆಸರೆಲ್ಲಾ ಅರ್ಥ ಇಲ್ಲದ ಕನ್ನಡ ಅಕ್ಷರ ಆಗಿಬಿಟ್ಟಿದ್ವು. ಅಡಿಟಿಪ್ಪಣಿ ಒಂದೊಂದ ಕುಂತು ತಿದ್ದಾಕ ಮೂರು ವಾರ ಹಿಡೀತು. ಆ ಮೂರು ವಾರ ಮನ್ಯಾಗ ಯಾರ ಜೋಡಿನೂ ಸರಿಯಾಗಿ ಮಾತಾಡಿಲ್ಲ ನಾ. ಅವ್ವ ಫೋನ್ ಮಾಡಿದ್ರ ಸಿಡಿಮಿಡಿ. ಈಗ ನೆನಸಿಕೊಂಡ್ರ ಕೆಟ್ಟ ಅನಸ್ತೈತಿ.

ಆಧಾರ ಗ್ರಂಥ ಬರದಿಡಾಕ ಝೊಟೆರೊ ಅನ್ನೂ ಸಾಫ್ಟ್‌ವೇರ್ ಹಾಕ್ಕೋರಿ, ರೊಕ್ಕ ಕೊಡೂದಿಲ್ಲ. ಪುಸ್ತಕ ಕೈಯಾಗ ಇದ್ದಾಗ ಪುಟದ ಸಂಖ್ಯೆ ಹಾಕಿಬಿಡ್ರಿ. ಭಾಂಡಾರಕರ್ ಸಂಸ್ಥೆಗೆ ಬರೇ ಒಂದು ಪುಟದ ಸಂಖ್ಯೆ ಸಲುವಾಗಿ ಮೂರು ಸಲ ಹೋಗೇನಿ ನಾ.

ಮತ್ತ ಟಿಪ್ಪಣಿ ಮಾಡುವಾಗ ಬ್ಯಾರೇದವರ ಮಾತು ಬ್ಯಾರೆ ಬಣ್ಣದಾಗ, ನಿಮ್ಮ ಮಾತು ಬ್ಯಾರೆ ಬಣ್ಣದಾಗ ಇಡ್ರಿ. ಐದು ವರ್ಷದ ಮ್ಯಾಲೆ ಯಾವುದು ಯಾರದು ಅಂತ ನಿಮಗ ನೆನಪು ಇರೂದಿಲ್ಲ. ಯುಜಿಸಿದ 2018ರ ನಿಯಮದಾಗ ಬ್ಯಾರೇದವರ ಬರಹದ ಜೋಡಿ ಹೋಲಿಕೆ ನೂರಕ್ಕ ಹತ್ತರ ಒಳಗ ಇದ್ರ ತಕರಾರಿಲ್ಲ. ಹತ್ತರಿಂದ ನಲವತ್ತರ ತನಕ ಆದ್ರ ಆರು ತಿಂಗಳ ಒಳಗ ತಿದ್ದಿ ಮತ್ತ ಕೊಡಬೇಕು. ಅರವತ್ತು ದಾಟಿದ್ರ ನೋಂದಣಿನ ರದ್ದು. ಕಳ್ಳತನ ಮಾಡದಾಂವಗೂ ಬಣ್ಣ ಕಲಸಿಹೋದ್ರ ತೊಂದರಿ ಆಗತೈತ್ರಿ.

ದಿನಾ ರಾತ್ರಿ ಕಡತ ನಿಮಗ ನೀವ ಮೇಲ್ ಮಾಡ್ಕೊಂಡು ಮಲಗ್ರಿ. ನಿದ್ದಿ ಚಲೋ ಬರತೈತಿ.

---

ಪಣಜಿ ಪಾಟ್ಟೊ · 13 ಜೂನ್

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ. ಆದರೆ "ದಿನಾ ಇಷ್ಟು ಬರೆಯಿರಿ" ಎನ್ನುವ ಮಾತಿಗೆ ನಾನು ಒಪ್ಪುವುದಿಲ್ಲ. ಯಾಕೆಂದು ಹೇಳುತ್ತೇನೆ.

ನನ್ನ ಥೀಸಿಸ್ ವಾಸ್ಕೊದ ಬೈನಾ ಕಡೆ ನೆಲೆಸಿದ ಕನ್ನಡದ ಕೂಲಿಕಾರರ ಬಗ್ಗೆ. ಬರೆಯುವ ಹೊತ್ತಿಗೆ ಮಗಳಿಗೆ ಎಂಟು ತಿಂಗಳು. ದಿನಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಂದು ಗಂಟೆ ಬರೆಯಬೇಕು ಅಂತ ಯಾರೋ ಹೇಳಿದರು. ಮಗು ರಾತ್ರಿ ಮೂರು ಸಲ ಎಬ್ಬಿಸುತ್ತಿತ್ತು. ಹತ್ತು ದಿನದಲ್ಲಿ ಆರು ದಿನ ಏಳಲಾಗಲಿಲ್ಲ. ಕ್ಯಾಲೆಂಡರಿನಲ್ಲಿ ಆರು ಕೆಂಪು ಗುರುತು. ಆ ಗುರುತುಗಳನ್ನು ನೋಡಿ ನೋಡಿ, ಉಳಿದವರಿಗೆಲ್ಲ ಆಗುವುದು ನನಗೆ ಮಾತ್ರ ಆಗುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಊಟ ಸೇರುತ್ತಿರಲಿಲ್ಲ. ಮಳೆಗಾಲ ಬೇರೆ. ಹೊರಗೆ ಧೋ ಅಂತ ಸುರಿಯುವಾಗ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತು, ನಾನು ಇಲ್ಲದೇ ಇದ್ದರೆ ಎಲ್ಲರಿಗೂ ಹಗುರ ಅನ್ನಿಸಿತು ಒಂದು ದಿನ. ಅದು ದಣಿವಲ್ಲ, ಬೇರೆ ಏನೋ ಅಂತ ನನಗೇ ಗೊತ್ತಾಯಿತು. ಗಂಡನಿಗೆ ಅವತ್ತೇ ಹೇಳಿದೆ. ಡಾಕ್ಟರ ಹತ್ತಿರ ಹೋದೆವು, ಆರು ತಿಂಗಳು ಚಿಕಿತ್ಸೆ ತೆಗೆದುಕೊಂಡೆ. ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗೆ ಅನ್ನಿಸಿದ್ದರೆ, ಥೀಸಿಸ್ ಬದಿಗಿಟ್ಟು ಮೊದಲು ಹೇಳಿಕೊಳ್ಳಿ. ಮನೆಯಲ್ಲಿ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಆರೋಗ್ಯದ ಸಹಾಯವಾಣಿ. ಯಾವ ಹೊತ್ತಿಗೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಚೇತರಿಸಿಕೊಂಡ ಮೇಲೆ ನನ್ನ ಪದ್ಧತಿ ಬದಲಾಯಿಸಿದೆ. ದಿನಾ ಇಲ್ಲ. ಮಂಗಳವಾರ ಮತ್ತು ಶುಕ್ರವಾರ ಅಮ್ಮ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದರು, ನಾನು ಪಾಟ್ಟೊದ ಸೆಂಟ್ರಲ್ ಲೈಬ್ರರಿಗೆ ಹೋಗುತ್ತಿದ್ದೆ. 1832ರಿಂದ ನಡೆದುಬಂದ ಲೈಬ್ರರಿ, ಈಗಿನದು ಹೊಸ ಕಟ್ಟಡ. ಕಿಟಕಿ ಪಕ್ಕದ ಒಂದೇ ಕುರ್ಚಿ. ನಾಲ್ಕು ಗಂಟೆ. ಉಳಿದ ಐದು ದಿನ ಥೀಸಿಸ್ ಕಡತ ತೆರೆಯುವುದೇ ಇಲ್ಲ, ಅಪರಾಧಿ ಭಾವವೂ ಇಲ್ಲ, ಯಾಕೆಂದರೆ ಶುಕ್ರವಾರ ಬರುತ್ತದೆ ಅಂತ ಗೊತ್ತು. ಹದಿನಾಲ್ಕು ತಿಂಗಳಲ್ಲಿ ಮುಗಿಯಿತು.

ಅಕ್ಕಾ, ನಿಮ್ಮ ಭಾನುವಾರ ಕೆಟ್ಟದ್ದು ಅದು ಭಾನುವಾರ ಆಗಿದ್ದಕ್ಕೆ. ಮಗ ಮನೆಯಲ್ಲಿರುವ ದಿನ, ಅತ್ತೆಯನ್ನು ನೋಡಲು ಯಾರಾದರೂ ಬರುವ ದಿನ. ಆ ದಿನ ಥೀಸಿಸ್‌ಗೆ ಕೊಡಬೇಡಿ.

---

ಮಾಟುಂಗಾ ಮೇಷ್ಟ್ರು · 13 ಜೂನ್

ಪಣಜಿಯ ತಾಯಿ, ಇದನ್ನು ಬರೆದದ್ದಕ್ಕೆ ನಿಮಗೆ ನಮಸ್ಕಾರ. ದಿನಾ ಬರೆಯಬೇಕು ಎಂದು ನಾನೂ ಎಷ್ಟೋ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಅವರಲ್ಲಿ ಎಳೆ ಮಗು ಕೈಯಲ್ಲಿದ್ದವರೂ ಇದ್ದರು. ಆಗ ಕೇಳಿ ತಿಳಿದುಕೊಳ್ಳಬೇಕಿತ್ತು.

---

ಭಾಂಡುಪ್ ಮನೆಯವ · 14 ಜೂನ್

ನಾನು ಥೀಸಿಸ್ ಬರೆದವನಲ್ಲ, ನನ್ನ ಹೆಂಡತಿ ಬರೆದಳು. ಮನೆಯವರ ಕಡೆಯಿಂದ ಎರಡು ಮಾತು.

ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗಲೇ "ಇವತ್ತು ಎಷ್ಟಾಯ್ತು?" ಅಂತ ಕೇಳುತ್ತಿದ್ದೆ. ಪ್ರೋತ್ಸಾಹ ಅಂದುಕೊಂಡಿದ್ದೆ. ಒಂದು ವರ್ಷದ ಮೇಲೆ ಅವಳು ಅಳುತ್ತ ಹೇಳಿದಳು, "ನೀವು ಬರುವ ಹೊತ್ತಾದರೆ ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ." ಅವತ್ತಿನಿಂದ ಆ ಪ್ರಶ್ನೆ ಬಿಟ್ಟೆ. ಬೆಳಗಿನ ಡಬ್ಬಿ ನಾನೇ ಕಟ್ಟಲು ಕಲಿತೆ. ಮೊದಲ ವಾರ ಚಪಾತಿ ಹಪ್ಪಳದ ಹಾಗೆ. ಮಕ್ಕಳು ತಿಂದರು. ಅವಳಿಗೆ ಐದೂವರೆಯಿಂದ ಆರೂವರೆ ಸಿಕ್ಕಿತು, ಅಷ್ಟರಲ್ಲೇ ಅವಳ ಎರಡು ಅಧ್ಯಾಯ ಆದವು.

ಅಕ್ಕಾ, ನಿಮ್ಮ ಬರಹದಲ್ಲಿ ಮೂರು ಡಬ್ಬಿ, ಅತ್ತೆ, ಮಗ ಎಲ್ಲ ಬಂದರು. ಭಾವನವರು ಏನು ಮಾಡುತ್ತಾರೆ ಅಂತ ಎಲ್ಲೂ ಬರಲಿಲ್ಲ. ತಪ್ಪು ತಿಳಿಯಬೇಡಿ. ನಮಗೆ ಬಾಯಿ ಬಿಟ್ಟು ಹೇಳಿದರೇ ತಿಳಿಯುವುದು. ಇಂಥ ಹೊತ್ತು ನನ್ನದು, ಇಂಥ ಕೆಲಸ ನಿಮ್ಮದು ಅಂತ ಹೇಳಿ.

---

ಡೊಂಬಿವಲಿ ಈಸ್ಟ್ · 6 ಜುಲೈ

ಮೂರು ವಾರ ಸುಮ್ಮನಿದ್ದೆ, ಮಾಡಿ ತೋರಿಸಿ ಬರೆಯೋಣ ಅಂತ.

ಮನೆಯಲ್ಲಿ ಮಾತಾಡಿದೆ. ಭಾಂಡುಪ್‌ನ ಅಣ್ಣ ಹೇಳಿದ್ದು ನಿಜ, ನಾನು ಇದುವರೆಗೆ ಒಂದು ದಿನವೂ ಕೇಳಿರಲಿಲ್ಲ. ಕೇಳದೆಯೇ ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿದ್ದೆ. ಈಗ ಅತ್ತೆಯವರ ಮಾತ್ರೆ, ಮಗನ ಡಬ್ಬಿ ಇವರ ಪಾಲಿಗೆ. ನಾನು ಮೊದಲಿಗಿಂತ ಇಪ್ಪತ್ತು ನಿಮಿಷ ಬೇಗ ಹೊರಟು ಸ್ಲೋ ಲೋಕಲ್ ಹಿಡಿಯುತ್ತೇನೆ. ಫಾಸ್ಟ್‌ನಲ್ಲಿ ಲೇಡೀಸ್ ಡಬ್ಬದ ಬಾಗಿಲಲ್ಲಿ ನೇತಾಡಬೇಕು, ಸ್ಲೋನಲ್ಲಿ ನಾಲ್ಕನೇ ಸೀಟಾದರೂ ಸಿಗುತ್ತದೆ. ಅರ್ಧ ಮೈ ಹೊರಗಿದ್ದರೂ ಮೊಣಕಾಲ ಮೇಲೆ ನೋಟ್‌ಬುಕ್ ಇಡಲು ಜಾಗ ಇದೆ. ಡೊಂಬಿವಲಿಯಿಂದ ಠಾಣೆ ಮುಟ್ಟುವಾಗ ಒಂದು ಸುತ್ತು. ಪೆನ್ನಿನಲ್ಲಿ ಬರೆಯುವುದು, ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಟೈಪ್ ಮಾಡುವುದು. ಪಕ್ಕದಲ್ಲಿ ದಿನಾ ಮೆಂತ್ಯೆ ಸೊಪ್ಪು ಬಿಡಿಸುವ ಮರಾಠಿ ಮಾವಶಿ ಒಬ್ಬರು. ನಾನು ಬರೆಯುವುದನ್ನು ಎರಡು ದಿನ ನೋಡಿ ಮೂರನೇ ದಿನದಿಂದ ತಾನೇ ಒಂದಿಷ್ಟು ಸರಿದು ಜಾಗ ಕೊಡುತ್ತಾರೆ.

ಮಳೆಗೆ ಲೋಕಲ್ ನಿಂತ ಎರಡು ದಿನ ಏನೂ ಬರೆಯಲಿಲ್ಲ. ಭಾನುವಾರ ಬಿಟ್ಟೇಬಿಟ್ಟಿದ್ದೇನೆ. ಹೋದ ಭಾನುವಾರ ಮಗನ ಜೊತೆ ಕೂತು ಪತ್ರೊಡೆ ಮಾಡಿದೆ. ಎಲೆಗೆ ಹಿಟ್ಟು ಹಚ್ಚುತ್ತ ಅವನು ರಾತ್ರಿ ಶಾಲೆಯ ಹುಡುಗರ ವಯಸ್ಸೆಷ್ಟು ಅಂತ ಕೇಳಿದ. ನಿನ್ನಷ್ಟೇ ಅಂದೆ. ಆಮೇಲೆ ಬಹಳ ಹೊತ್ತು ಅವನು ಮಾತಾಡಲಿಲ್ಲ.

ಹದಿನಾಲ್ಕು ಪುಟ ಆಯಿತು. ಮೇಲೆ ಮೂರು ಸಾಲಿನ ಚೀಟಿ. ನಾಲ್ಕನೇ ಸಾಲಿನಲ್ಲಿ "ತಡವಾಯಿತು" ಅಂತ ಬರೆದಿದ್ದೆ, ಮೇಷ್ಟ್ರ ಮಾತು ನೆನಪಾಗಿ ಹೊಡೆದುಹಾಕಿದೆ. ಶುಕ್ರವಾರ ಕುರ್ಲಾದಲ್ಲಿ ಇಳಿದು ಕಲೀನಾಕ್ಕೆ ಹೋಗಿ ಕೈಯಲ್ಲೇ ಕೊಟ್ಟೆ. ಸರ್ ಪುಟ ತಿರುವಿದರು, ಹಾಜರಿ ಪುಸ್ತಕದ ಫೋಟೋ ಹತ್ತಿರ ನಿಂತರು, ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು. "ಇದು ಎಲ್ಲಿ ಸಿಕ್ಕಿತಮ್ಮ?" ಅಂದರು. ಎರಡು ಗಂಟೆ ಕೂತು ಮಾತಾಡಿದೆವು. ಇಷ್ಟು ವರ್ಷ ನಾನು ಹೆದರಿದ್ದು ಇದಕ್ಕಾ ಅನ್ನಿಸಿತು. ಹುಬ್ಬಳ್ಳಿಯ ತಮ್ಮನಿಗೂ ತಿಳಿಸಬೇಕು: ನನ್ನ ಒಂದು ಕಡತ ಹಳೇ ಫಾಂಟಿನಲ್ಲೇ ಇತ್ತು, ಈಗ ಸರಿ ಮಾಡಿಕೊಂಡೆ.

ಚುಕ್ಕೆಯ ಒಗಟು ಮಾತ್ರ ಸರ್‌ಗೂ ಬಿಡಿಸಲಾಗಲಿಲ್ಲ. ಅರ್ಧ ಬೆಂದದ್ದನ್ನು ತೋರಿಸಬೇಕು ಅಂದಿರಲ್ಲ, ಆ ಭಾಗವನ್ನು ಇಲ್ಲಿಯೂ ಹಾಕುತ್ತಿದ್ದೇನೆ:

"1962ರ ಹಾಜರಿ ಪುಸ್ತಕದಲ್ಲಿ ಎಂಟನೇ ತರಗತಿಯ 41 ಹುಡುಗರಲ್ಲಿ 17 ಜನರ ಚೌಕಗಳಲ್ಲಿ ಚುಕ್ಕೆಯ ಮೇಲೆ ಗೀಟು ಇದೆ. ಶಾಲೆ ಸಂಜೆ ಆರೂವರೆಗೆ ಆರಂಭವಾಗುತ್ತಿತ್ತು. ಈ 17 ಜನ ಅನಿಯಮಿತವಾಗಿ ಬರುತ್ತಿದ್ದ ವಿದ್ಯಾರ್ಥಿಗಳಿರಬಹುದು. ಚುಕ್ಕೆಯ ಅರ್ಥ ತಿಳಿದಿಲ್ಲ."

---

ಮುಲುಂಡ್ ವೆಸ್ಟ್ · 8 ಜುಲೈ

ನಾನು ಬರೆಯುವವನಲ್ಲ, ಮೊಮ್ಮಗಳು ಟೈಪ್ ಮಾಡಿ ಕೊಡುತ್ತಾಳೆ. ಅವಳು ನಿನ್ನೆ ರಾತ್ರಿ ನಿಮ್ಮದನ್ನು ಓದಿ ಹೇಳಿದಳು.

ಮಗಳೇ, "ಅನಿಯಮಿತ" ಅಂತ ಬರೆಯಬೇಡ. ಆ ಚುಕ್ಕೆ ನಾವು. ಹೋಟೆಲಿನ ಹುಡುಗರು.

ನಾನು 1961ರಲ್ಲಿ ಕುಂದಾಪುರದ ಕಡೆಯಿಂದ ಬಂದೆ, ಹದಿಮೂರು ವರ್ಷ. ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದು. ರಾತ್ರಿ ಶಾಲೆಯಲ್ಲಿ ನಾಲ್ಕು ವರ್ಷ ಓದಿದೆ. ಆಫೀಸಿನಲ್ಲಿ ಜವಾನರಾಗಿದ್ದವರು, ಮನೆಗೆಲಸದವರು ಆರೂವರೆಗೆ ಬರುತ್ತಿದ್ದರು. ನಮಗೆ ಸಂಜೆಯ ಚಾದ ರಶ್ ಮುಗಿಯದೆ ಸೇಟು ಬಿಡುತ್ತಿರಲಿಲ್ಲ. ಏಳೂಕಾಲು ಏಳೂವರೆ ಆಗುತ್ತಿತ್ತು. ಮೊದಲ ಪೀರಿಯಡ್‌ನಲ್ಲಿ ನಮ್ಮ ಹೆಸರು ಕರೆದು ನಾವಿಲ್ಲದಿದ್ದರೆ ಮಾಸ್ಟ್ರು ಗೈರುಹಾಜರಿ ಹಾಕುತ್ತಿರಲಿಲ್ಲ, ಚುಕ್ಕೆ ಇಟ್ಟುಕೊಳ್ಳುತ್ತಿದ್ದರು. ನಾವು ಓಡಿ ಬಂದು ಕೂತ ಮೇಲೆ ಎರಡನೇ ಪೀರಿಯಡ್‌ನ ಮಾಸ್ಟ್ರು ಚುಕ್ಕೆಯ ಮೇಲೆ ಗೀಟು ಎಳೆಯುತ್ತಿದ್ದರು. ಅವರ ಪೆನ್ನು ಬೇರೆ, ಅದಕ್ಕೇ ಶಾಯಿ ಬೇರೆ. ನಾನು ಓದಿದ್ದೂ ನಿನ್ನ ಪುಸ್ತಕದ ಶಾಲೆಯೂ ಒಂದೇ ಹೌದೋ ಅಲ್ಲವೋ ಗೊತ್ತಿಲ್ಲ, ನಮ್ಮಲ್ಲಿ ಹಾಗೆ ಇತ್ತು.

ಆ ಪುಸ್ತಕದಲ್ಲಿ ಚುಕ್ಕೆ ಬರೇ ಚುಕ್ಕೆಯಾಗಿಯೇ ಉಳಿದ ದಿನಗಳೂ ಇರಬೇಕು ನೋಡು. ಅವು ಹೆಚ್ಚಾಗಿ ಗಣಪತಿ ಹಬ್ಬದ ವಾರ, ದೀಪಾವಳಿಯ ವಾರ ಇರುತ್ತವೆ. ಆಗ ಹೋಟೆಲಿಗೆ ಗಿರಾಕಿ ಹೆಚ್ಚು, ನಮ್ಮನ್ನು ಬಿಡುತ್ತಲೇ ಇರಲಿಲ್ಲ.

---

ಡೊಂಬಿವಲಿ ಈಸ್ಟ್ · 8 ಜುಲೈ, ರಾತ್ರಿ 9.15

ಅಜ್ಜಾ, ಕೈ ನಡುಗುತ್ತಿದೆ. ಈಗ ತಾನೇ ಫೋಟೋಗಳನ್ನು ತೆಗೆದು ನೋಡಿದೆ. 1962ರ ಸೆಪ್ಟೆಂಬರ್ ಮೊದಲ ವಾರ, ಅಕ್ಟೋಬರ್ ಕೊನೆಯ ವಾರ. ಚುಕ್ಕೆ ಹಾಗೇ ಉಳಿದಿದೆ, ಗೀಟಿಲ್ಲ, ಆ 17ರಲ್ಲಿ 15 ಜನರದ್ದು.

"ಅನಿಯಮಿತ" ತೆಗೆಯುತ್ತೇನೆ. ನಾನು ಮುಲುಂಡಿಗೆ ಬಂದು ನಿಮ್ಮ ಹತ್ತಿರ ಕೂತು ಎಲ್ಲ ಬರೆದುಕೊಳ್ಳಬಹುದಾ? ಭಾನುವಾರ ಬಿಟ್ಟು ಯಾವ ದಿನವಾದರೂ.

---

ಮುಲುಂಡ್ ವೆಸ್ಟ್ · 9 ಜುಲೈ

ಶನಿವಾರ ನಾಲ್ಕರ ಮೇಲೆ ಬಾ. ಆ ಪುಸ್ತಕದ ಫೋಟೋ ದೊಡ್ಡದು ಮಾಡಿಸಿ ತಾ, ನನಗೆ ಕಣ್ಣು ಸ್ವಲ್ಪ ಮಂಜು. ಹೆಸರುಗಳನ್ನು ಓದಿ ಹೇಳು. ಕೆಲವರ ಮುಖ ನೆನಪಿಗೆ ಬರಬಹುದು.